ಬಯಲುಸೀಮೆಯ ಮಗು ಕಡಲಿಗೆ ಬಂದಾಗ

ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳ ಬಾಗಿಲು ಮುಚ್ಚಿದೊಡನೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಂದ ಹೊರಟ ಕ್ರೂಸರ್, ಟೆಂಪೊಗಳು ಹಾನಗಲ್ಲ, ಶಿರಸಿಗಳನ್ನು ಹಾದು ದೇವಿಮನೆ ಘಟ್ಟವನ್ನು ಇಳಿಯತೊಡಗುತ್ತವೆ. ಹಾವೇರಿಯಿಂದ ಕುಮಟೆಗೆ ಹೆಚ್ಚೆಂದರೆ ನೂರಮೂವತ್ತು ಕಿಲೋಮೀಟರಿನ ಆಸುಪಾಸು. ಮುಂದಿನ ಸೀಟಿನಲ್ಲಿ ಅಜ್ಜ, ಹಿಂದೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟಿನೊಡನೆ ಅಜ್ಜಿ, ಕಿಟಕಿಗಾಗಿ ಜಗಳವಾಡುವ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳು, ಸೋದರತ್ತೆಯ ಮಕ್ಕಳು, ಇವರೆಲ್ಲರ ನಡುವೆ ಮಡಿಲಿನಿಂದ ಮಡಿಲಿಗೆ ದಾಟುತ್ತ ಬರುವ ಎರಡು, ಎರಡೂವರೆ ವರ್ಷದ ಒಂದು ಕೂಸು. ಶಾಲೆಯೇ ಇಲ್ಲದ ಈ ಕೂಸಿಗೆ ರಜೆಯೆಂಬುದರ ಅರ್ಥ ಒಂದೇ: ಅಕ್ಕ-ಅಣ್ಣಂದಿರು ಊರಿಗೆ ಬಂದಿದ್ದಾರೆ, ಅಜ್ಜನ ಮನೆ ತುಂಬಿದೆ.

ಈ ವಾಹನಗಳ ಬಗ್ಗೆ ಘಟ್ಟದ ಮೇಲಿನ ಊರುಗಳಲ್ಲಿ ಇರುವುದು ಹೆಚ್ಚಾಗಿ ಬೇಸರ. ತಿರುವುಗಳಲ್ಲಿ ನಿಲ್ಲಿಸಿ ಊಟ ಮಾಡಿ ತಟ್ಟೆ ಎಸೆಯುತ್ತಾರೆ, ಮಂಗಗಳಿಗೆ ಕುರುಕಲು ತಿನ್ನಿಸಿ ಚಟ ಹಿಡಿಸುತ್ತಾರೆ, ಕಾಡಿನ ಝರಿಯಲ್ಲಿ ಎಲ್ಲವನ್ನೂ ತೊಳೆಯುತ್ತಾರೆ ಎಂಬ ದೂರುಗಳಲ್ಲಿ ಸುಳ್ಳಿಲ್ಲ. ಆದರೆ ದೂರಿನಲ್ಲಿಯೇ ಮಾತು ಮುಗಿದರೆ ಈ ಪ್ರವಾಸದ ಬೆಲೆ ಮಲೆನಾಡಿಗರಿಗೂ ತಿಳಿಯುವುದಿಲ್ಲ, ಬಯಲುಸೀಮೆಯವರಿಗೂ ತಿಳಿಯುವುದಿಲ್ಲ.

ಈ ದಾರಿ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಮೇಲೆ, ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಕಪ್ಪುನೆಲದಲ್ಲಿ ಬೆಳೆದ ಆ ನಾಟಿ ಹತ್ತಿ ಮುಂಬಯಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. ಕುಮಟೆಯ ನೆಲದಲ್ಲಿ ಆ ಹತ್ತಿ ಬೆಳೆಯುತ್ತಲೇ ಇರಲಿಲ್ಲ. ಹಡಗು ಹತ್ತಿದ ಊರಿನ ಹೆಸರು ಬೆಳೆಗೆ ಅಂಟಿತು, ಕೃಷಿ ಪುಸ್ತಕಗಳಲ್ಲಿಯೂ ಹಾಗೆಯೇ ಉಳಿಯಿತು. ಮರಳುವಾಗ ಬಂಡಿಗಳಲ್ಲಿ ಕರಾವಳಿಯ ಉಪ್ಪು ಬರುತ್ತಿತ್ತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಹತ್ತಿ ದಿಕ್ಕು ಬದಲಿಸಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ರೈಲುಹಳಿಯ ಊರುಗಳಾದವು, ಕಡಲು ದೂರವಾಯಿತು. ಇಂದು ಆ ಹಳೆಯ ನಂಟಿನಲ್ಲಿ ಉಳಿದಿರುವುದು ಬೇಸಿಗೆಯ ಈ ಎರಡು ದಿನಗಳ ಓಟ ಮಾತ್ರ.

ಓಟವೆನ್ನದೆ ಬೇರೇನೆನ್ನಬೇಕು? ಬೆಳಿಗ್ಗೆ ಶಿರಸಿಯ ಮಾರಿಕಾಂಬೆ, ಮಧ್ಯಾಹ್ನ ಗೋಕರ್ಣ, ಸಂಜೆ ಓಂ ಕಡಲತೀರ, ಮರುದಿನ ಇಡಗುಂಜಿ, ಮುರ್ಡೇಶ್ವರ, ರಾತ್ರಿಯೇ ಊರು. ದೊಡ್ಡವರ ಪಟ್ಟಿ ಪೂರ್ಣವಾಗುತ್ತದೆ. ಕೂಸು ಮಾತ್ರ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ನಡುಹಗಲಿನ ಸುಡುಮರಳಿನಲ್ಲಿ ಅತ್ತು, ಲಾಡ್ಜಿನ ಫ್ಯಾನಿನಡಿಯಲ್ಲಿ ನಿದ್ದೆಗೆಟ್ಟು ಹಿಂದಿರುಗುತ್ತದೆ. ಅದಕ್ಕೆ ಬೇಕಾಗಿದ್ದುದು ಐದು ಊರುಗಳಲ್ಲ. ಹತ್ತು ಅಡಿ ಹಸಿಮರಳು, ಒಂದು ಗಿಂಡಿ, ಪಕ್ಕದಲ್ಲಿ ಕುಳಿತ ಒಬ್ಬ ಅಜ್ಜಿ. ಮರಳಿನ ಗುಂಡಿಗೆ ನೀರು ತುಂಬುತ್ತದೆ, ಇಂಗುತ್ತದೆ, ಮತ್ತೆ ತುಂಬುತ್ತದೆ. ಏಡಿ ಬಿಲದಿಂದ ಹೊರಬರುತ್ತದೆ, ಕೂಗಿದರೆ ಒಳಗೋಡುತ್ತದೆ. ಎರಡೂವರೆ ವರ್ಷದ ಬುದ್ಧಿಗೆ ಇದೊಂದು ದಿನದ ಕೆಲಸವಲ್ಲ, ವಾರದ ಕೆಲಸ. ಹಾವೇರಿಯ ಕೂಸು ಕಡಲನ್ನು ಮೊದಲು ಕಂಡಾಗ ‘ಕೆರಿ’ ಎಂದೇ ಕರೆದರೆ ಆಶ್ಚರ್ಯವಿಲ್ಲ, ಅದು ಕಂಡ ದೊಡ್ಡ ನೀರೆಂದರೆ ಹೆಗ್ಗೇರಿ. ಇದು ಕೆರೆಯಲ್ಲ, ಈ ನೀರು ತಾನಾಗಿ ಏರುತ್ತದೆ, ಇಳಿಯುತ್ತದೆ ಎಂಬುದು ಅದಕ್ಕೆ ತಿಳಿಯಲು ಒಂದೇ ಸ್ಥಳದಲ್ಲಿ ನಾಲ್ಕಾರು ದಿನ ಕುಳಿತಿರಬೇಕು.

ಕುಳಿತುಕೊಳ್ಳುವ ಸ್ಥಳದ ಆಯ್ಕೆ ಇನ್ನೂ ಮುಖ್ಯ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯವರಿಗೆ ಕೆರೆ, ಬಾವಿ, ಹೊಳೆಗಳ ಅಪಾಯ ಗೊತ್ತು. ಕಡಲಿನ ಅಪಾಯದ ಸ್ವರೂಪವೇ ಬೇರೆ. ದಡಕ್ಕೆ ಅಪ್ಪಳಿಸಿದ ನೀರು ಒಂದು ಕಿರಿದಾದ ಓಣಿ ಮಾಡಿಕೊಂಡು ರಭಸದಿಂದ ಹಿಂದೆ ಸರಿಯುವುದುಂಟು. ಆ ಓಣಿಯಲ್ಲಿ ಅಲೆ ಒಡೆಯುವುದಿಲ್ಲವಾದ್ದರಿಂದ ಮೇಲ್ನೋಟಕ್ಕೆ ಅದೇ ಅತ್ಯಂತ ಶಾಂತವಾಗಿ ಕಾಣುತ್ತದೆ. ‘ಇಲ್ಲಿ ಅಲಿ ಕಡಿಮಿ ಐತಿ, ಇಲ್ಲೇ ಕುಂದ್ರಸೂಣು’ ಎಂದು ಮಕ್ಕಳನ್ನು ಕರೆದೊಯ್ಯುವ ಅಜ್ಜನಿಗೆ ಇದನ್ನು ಮೊದಲೇ ಹೇಳುವವರು ಯಾರು? ರಕ್ಷಕ ಸಿಬ್ಬಂದಿ ಇಲ್ಲದ ತೀರದಲ್ಲಿ ಯಾರೂ ಇಲ್ಲ. ಮಳೆಗಾಲ ಸಮೀಪಿಸಿದಂತೆ ಕಡಲು ಒರಟಾಗುತ್ತದೆ; ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಇಳಿಯುವುದಿಲ್ಲ. ಮೇ ಕೊನೆಯ ವಾರಕ್ಕೆ ಪ್ರವಾಸ ಇಟ್ಟುಕೊಳ್ಳುವವರು ಇಷ್ಟನ್ನಾದರೂ ನೆನಪಿಡಬೇಕು. ಕೂಸಿನ ಮಟ್ಟಿಗಂತೂ ದೊಡ್ಡವರ ಒಂದು ಕೈ ಸದಾ ಅದನ್ನು ಮುಟ್ಟುವಷ್ಟು ಹತ್ತಿರವಿರಬೇಕು. ಆರೆಂಟು ವರ್ಷದ ಅಕ್ಕನಿಗೆ ‘ತಮ್ಮನ್ನ ನೋಡ್ಕೊ’ ಎಂದು ಹೇಳಿ ಫೋಟೊ ತೆಗೆಯಲು ಹೋಗುವುದು ನಿಜಕ್ಕೂ ಹೊಣೆಗೇಡಿತನ.

ತೆರೆದ ಕಡಲಿಗಿಂತ ಚಿಕ್ಕ ಮಕ್ಕಳಿಗೆ ಹೊಂದುವುದು ಅಳಿವೆ. ಕುಮಟೆಯ ಬಳಿ ಅಘನಾಶಿನಿ ಸಮುದ್ರ ಸೇರುವೆಡೆ ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಮರಳುದಿಣ್ಣೆಗಳು, ಕೆಸರುಬಯಲುಗಳು ತೆರೆದುಕೊಳ್ಳುತ್ತವೆ. ಹೊಳೆಯ ನಡುವಿನ ಹರಿವಿಗೆ ಇಳಿಯದೆ, ಸ್ಥಳೀಯರು ತೋರಿಸಿದ ದಡದಲ್ಲಿ, ಏರುವ ನೀರಿಗೆ ಮುಂಚೆ ಹಿಂದಿರುಗುವ ಎಚ್ಚರವಿದ್ದರೆ ಮಕ್ಕಳಿಗೆ ಅಲ್ಲಿ ನೋಡುವುದಕ್ಕೆ ಮುಗಿವಿಲ್ಲ. ಇಳಿತ ಯಾವಾಗ ಎಂಬ ಲೆಕ್ಕಕ್ಕೆ ಮೊಬೈಲೇ ಬೇಕೆಂದಿಲ್ಲ, ಅಜ್ಜನ ಪಂಚಾಂಗ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳ ಅಂತರ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ನೀರು ಪ್ರತಿದಿನವೂ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆಯಂದು ಎತ್ತು ಹೂಡದ ಅಜ್ಜನಿಗೂ ತಿಥಿ ನೋಡಿ ದೋಣಿ ತೆಗೆಯುವ ಅಂಬಿಗನಿಗೂ ಮಾತು ಬೆಳೆಯಲು ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಆ ಕೆಸರುಬಯಲಿನಲ್ಲಿ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದ ಹೆಂಗಸರು ಚಿಪ್ಪಿಕಲ್ಲು ಆಯುತ್ತಾರೆ. ಸಾವಿರಾರು ಕುಟುಂಬಗಳ ಬದುಕು ಇದರ ಮೇಲಿದೆ. ಮಳೆಗಾಲದಲ್ಲಿ ಇದೇ ಹೊಳೆಯ ಅಂಚಿನ ಗಜನಿಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನು ಸಹಿಸುವ ತಳಿ ಎಂದು ಅದಕ್ಕೆ ಹೆಸರಿದ್ದರೂ ಬಿತ್ತನೆಗೆ ಮೊದಲು ಮಳೆಯ, ಹೊಳೆಯ ಸಿಹಿನೀರು ಮಣ್ಣಿನ ಉಪ್ಪನ್ನು ಒಂದಿಷ್ಟು ತೊಳೆದು ಕೆಳಗಿಳಿಸಲೇಬೇಕು. ಬಯಲುಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ‘ಸವಳು’ ಎಂಬ ಒಂದೇ ಮಾತು ಸಾಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆಯ ನೀರು ಹೆಚ್ಚಾಗಿ ಬಂಗಾರದಂಥ ಎರೆಭೂಮಿ ಸವಳು-ಜವಳಾದುದನ್ನು ಅವನು ಕಂಡಿದ್ದಾನೆ. ಅಲ್ಲಿ ನೀರು ಹೆಚ್ಚಾಗಿ ಸವಳು, ಇಲ್ಲಿ ಹೊಳೆಯ ನೀರು ಕಡಿಮೆಯಾದರೆ ಸವಳು. ಬೇಸಿಗೆಯಲ್ಲಿ ಉಬ್ಬರದ ನೀರು ನುಗ್ಗಿದಾಗ ಅದೇ ಗಜನಿಗಳಲ್ಲಿ ಮೀನು, ಸೀಗಡಿ. ಸ್ವಲ್ಪ ಆಚೆ ಸಾಣಿಕಟ್ಟೆಯ ಆಗರಗಳಲ್ಲಿ ಬಿಳಿಯ ಉಪ್ಪಿನ ರಾಶಿ. ಮಕ್ಕಳು ಬಾಯಿಗೆ ಹಾಕಿಕೊಳ್ಳದೆ ಬಿಡಲಾರರು.

ಈ ಅಳಿವೆ 2024ರ ಆರಂಭದಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಸಂದರ್ಭದಲ್ಲಿ ಪಟ್ಟಿ ಸೇರಿದ ಇನ್ನೊಂದು ನೀರಿನ ನೆಲೆ ಹಾವೇರಿಯ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಮಾಗಡಿಗೆ ಪಟ್ಟೆತಲೆಯ ಬಾತುಗಳನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯುವ ಕುಟುಂಬ ಬೇಸಿಗೆಯಲ್ಲಿ ಅಘನಾಶಿನಿಗೆ ಬಂದರೆ ಒಂದೇ ಪಾಠದ ಎರಡು ಪುಟಗಳನ್ನು ಓದಿದಂತೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ‘ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು’ ಎಂಬ ಮಾತು ಹಾವೇರಿ ಜಿಲ್ಲೆಯಲ್ಲಿ ಇಂದು ಪ್ರತಿ ಸಭೆಯಲ್ಲಿಯೂ ಕೇಳಿಬರುತ್ತದೆ. ಬೇಡ್ತಿ ಕೊಳ್ಳದಿಂದ ಸುಮಾರು 18.5 ಟಿಎಂಸಿ ನೀರನ್ನು ಎತ್ತಿ ವರದೆಗೆ ಹರಿಸುವ ಯೋಜನೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವ, ಎರಡೂ ನಿಂತಿರುವುದು ಈ ಒಂದು ಮಾತಿನ ಮೇಲೆ. ಚಿಪ್ಪಿಕಲ್ಲಿನ ಬುಟ್ಟಿಯನ್ನು, ಕಗ್ಗದ ಗದ್ದೆಯನ್ನು ಕಣ್ಣಾರೆ ಕಂಡವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಹೊಳೆಯ ನೀರಿಗೆ ಪ್ರಮಾಣವಷ್ಟೇ ಅಲ್ಲ, ಕಾಲವೂ ಉಂಟು ಎಂಬುದಕ್ಕೆ ನೆರೆಯ ಶರಾವತಿ ಸಾಕ್ಷಿ. ವಿದ್ಯುತ್ತಿಗಾಗಿ ಬೇಸಿಗೆಯಲ್ಲಿಯೂ ಸಿಹಿನೀರು ಬಿಟ್ಟದ್ದರಿಂದ ಅಲ್ಲಿಯ ಅಳಿವೆಯ ಉಪ್ಪಿನಂಶ ಇಳಿದು ಚಿಪ್ಪಿಕಲ್ಲುಗಳು ಕ್ಷೀಣಿಸಿದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ.

ಹಾಗೆಂದು ಬಯಲುಸೀಮೆಯ ಬಾಯಾರಿಕೆಯನ್ನು ಹಗುರವಾಗಿ ಕಾಣುವುದು ಅನ್ಯಾಯ. 2023ರ ಬರದಲ್ಲಿ ಹಾವೇರಿ ಸೀಮೆಯ ಹೊಲಗಳು ಒಣಗಿದ್ದು ಸುಳ್ಳಲ್ಲ. ಬೇಸಿಗೆಯಲ್ಲಿ ವರದೆಯ ಪಾತ್ರ ಬರಿ ಮರಳಾಗುವುದೂ ಸುಳ್ಳಲ್ಲ. ಆ ಕೂಸಿನ ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆ ಪಡುವಣ ಕಡಲಿಗೆ ಬರುವುದೇ ಇಲ್ಲ. ಅದು ವರದೆ ಸೇರಿ, ಗಳಗನಾಥದಲ್ಲಿ ತುಂಗಭದ್ರೆಯೊಡನೆ ಕೂಡಿ, ಕೃಷ್ಣೆಯಾಗಿ ನೂರಾರು ಮೈಲಿ ಆಚೆಯ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಮಳೆಯನ್ನು ಹಿಡಿದಿಡಲೆಂದೇ ಹಿಂದಿನವರು ಹಾನಗಲ್ಲಿನ ಆನಿಕೆರೆಯನ್ನು, ಮಾಸೂರಿನ ಮದಗದ ಕೆರೆಯನ್ನು ಕಟ್ಟಿದರು. ಇಂಥ ಕೆರೆಗಳ ಹೂಳು, ಒತ್ತುವರಿಗಳ ಬಗ್ಗೆ ಆಡುವುದಕ್ಕಿಂತ ಘಟ್ಟದ ನೀರಿನ ಬಗ್ಗೆ ಆಡುವುದು ಸಭೆಗಳಲ್ಲಿ ಸುಲಭ. ಮಲೆನಾಡಿನ ಸಂಘಟನೆಗಳೂ ಹಾವೇರಿಯ ಕೆರೆಗಳ ಬಗ್ಗೆ ಒಂದು ಮಾತನ್ನೂ ಆಡದೆ ‘ನಮ್ಮ ಹೊಳೆ ಮುಟ್ಟಬೇಡಿ’ ಎಂದಷ್ಟೇ ಹೇಳಿದರೆ ಕೇಳುವವರು ಯಾರು?

ಇನ್ನು ಕಸದ ಮಾತು. ಚಿಕ್ಕ ಮಕ್ಕಳ ಪ್ರವಾಸದಲ್ಲಿ ಅತ್ಯಂತ ಕೆಟ್ಟ ಕಸವೆಂದರೆ ಡೈಪರ್. ಪ್ಲಾಸ್ಟಿಕ್ ಹಾಳೆ, ನೀರು ಹೀರುವ ರಾಸಾಯನಿಕ ಹರಳು, ಮಲ ಮೂರೂ ಒಂದೇ ಗಂಟಿನಲ್ಲಿ. ಘಟ್ಟದ ತಿರುವಿನಿಂದ ಎಸೆದ ಆ ಗಂಟು ಮೊದಲ ಮಳೆಗೆ ಝರಿಗೆ, ಝರಿಯಿಂದ ಹೊಳೆಗೆ, ಹೊಳೆಯಿಂದ ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಕೂಸು ಗುಂಡಿ ತೋಡುವ ಅದೇ ಮರಳಿಗೆ ಬರುತ್ತದೆ. ಅಜ್ಜಿಯರ ಹಳೆಯ ಸೀರೆಯ ಬಟ್ಟೆಗಳು ತೊಳೆದು ಒಣಗಿಸಬಹುದಾದವು. ಕಡಲ ಬಿಸಿಲಿನಲ್ಲಿ ಗಂಟೆಯೊಳಗೆ ಒಣಗುತ್ತವೆ. ಪ್ರಯಾಣದಲ್ಲಿ ಡೈಪರ್ ಬೇಕೇಬೇಕೆಂದಾದರೆ ಒಂದು ಮುಚ್ಚಳದ ಡಬ್ಬಿಯೂ ವಾಹನದಲ್ಲಿರಲಿ. ಘಟ್ಟದ ಪಂಚಾಯತಿಗಳೂ ಫಲಕ ನೆಟ್ಟು ಸುಮ್ಮನಾಗದೆ, ವಾಹನ ನಿಲ್ಲುವ ತಾಣಗಳಲ್ಲಿ ಬೇಸಿಗೆಯ ಎರಡು ತಿಂಗಳಾದರೂ ಶೌಚಾಲಯ, ಕಸದ ವ್ಯವಸ್ಥೆ ಇಡಬೇಕು. ಎಲ್ಲಿಯೂ ತಾಣವಿಲ್ಲದಿದ್ದರೆ ಬೈಯುವ ಹಕ್ಕೂ ಅರ್ಧವಾಗುತ್ತದೆ.

ಈ ಮಾತುಗಳೆಲ್ಲ ವಾಹನ ಮಾಡಿಕೊಂಡು ಬರಬಲ್ಲವರ ಮಕ್ಕಳ ಕುರಿತಾದವು. ಬ್ಯಾಡಗಿಯ ಪೇಟೆಯಲ್ಲಿ ಬೇಸಿಗೆ ಮೆಣಸಿನಕಾಯಿಯ ಕಾಲ. ತೊಟ್ಟು ಬಿಡಿಸುವ ಹೆಂಗಸರ ಪಕ್ಕದಲ್ಲಿ, ಖಾರದ ಘಾಟಿನಲ್ಲಿ, ಚೀಲದ ಮೇಲೆ ಮಲಗಿದ ಕೂಸುಗಳಿಗೆ ರಜೆಯೂ ಇಲ್ಲ, ಕಡಲೂ ಇಲ್ಲ. ಅವರ ಅಜ್ಜಿಯರೂ ಅದೇ ರಾಶಿಯ ಮುಂದೆ ಕುಳಿತಿರುತ್ತಾರೆ. 2023ರಿಂದ ಗ್ರಾಮ ಪಂಚಾಯತಿಗಳಲ್ಲಿ ತೆರೆಯಲಾದ ‘ಕೂಸಿನ ಮನೆ’ಗಳು ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳನ್ನು ಗಮನದಲ್ಲಿಟ್ಟುಕೊಂಡವು, ಪೇಟೆಯ ತೊಟ್ಟು ಬಿಡಿಸುವವರ ಮಕ್ಕಳಿಗೂ ಅಂಥದೊಂದು ನೆರಳು ಮೊದಲು ಬೇಕು. ಅದಾದ ಮೇಲೆ ಕಡಲು.

ಮಲೆನಾಡು, ಕರಾವಳಿಗಳ ಸಂಘಟನೆಗಳು ಮಾಡಬಹುದಾದ ಒಂದು ಕೆಲಸ ಇಲ್ಲಿದೆ. ಶಿರಸಿ, ಕುಮಟಾ ಕಡೆಯ ಹತ್ತು ಮನೆಗಳು ಬೇಸಿಗೆಯಲ್ಲಿ ಹಾವೇರಿ ಜಿಲ್ಲೆಯ ಹತ್ತು ಕುಟುಂಬಗಳನ್ನು, ಅವುಗಳಲ್ಲಿ ಅರ್ಧದಷ್ಟಾದರೂ ಕೂಲಿಕಾರರ ಮನೆಗಳನ್ನು, ಅಜ್ಜ-ಅಜ್ಜಿ-ಮಕ್ಕಳ ಸಮೇತ ಒಂದು ವಾರ ಇರಿಸಿಕೊಳ್ಳಲಿ. ಊಟಕ್ಕೆ ಹೆಚ್ಚಿನ ಖರ್ಚಿಲ್ಲ, ಅನ್ನ-ಸಾರು, ಮಾವಿನ ಹಣ್ಣು, ಹಲಸು. ಮರುವರ್ಷ ಸಂಕ್ರಾಂತಿಯ ಹೊತ್ತಿಗೆ, ಮೆಣಸಿನಕಾಯಿ ಕೆಂಪಾಗಿ ಕಣದಲ್ಲಿ ಹರಡಿರುವಾಗ, ಕುಮಟೆಯ ಮಕ್ಕಳು ಬ್ಯಾಡಗಿಗೆ ಹೋಗಲಿ, ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗ ನೋಡಲಿ. ಪಟ್ಟಿ ಮಾಡುವ ಕೆಲಸ ಫೆಬ್ರವರಿಯಲ್ಲಿಯೇ ಆರಂಭವಾಗಬೇಕು. ಏಪ್ರಿಲ್ ಬಂದ ಮೇಲೆ ವಾಹನಗಳು ಹೊರಟೇ ಬಿಟ್ಟಿರುತ್ತವೆ.