ಲೂಥರ್ ಮಾಡಿದ ತಪ್ಪೇನು?

ಜಾನ್ ಗ್ರಿಶಮ್ 2001ರಲ್ಲಿ ಬರೆದ ‘ಸ್ಕಿಪ್ಪಿಂಗ್ ಕ್ರಿಸ್‌ಮಸ್’ ಎಂಬ ನಗೆಕಾದಂಬರಿಯನ್ನೋದಿ ಲೂಥರ್ ಕ್ರ್ಯಾಂಕನನ್ನು ಜಿಪುಣನೆಂದು ಜರೆಯುವವರುಂಟು. ಕೊನೆಗೆ ನೆರೆಹೊರೆ ಒದಗಿಬಂದುದಕ್ಕೆ ಕಣ್ಣೊರೆಸಿಕೊಳ್ಳುವವರೂ ಉಂಟು. ನಾವಿದನ್ನು ಒಪ್ಪೆವು. ಮಗಳು ಪೆರುವಿಗೆ ಹೋದ ವರ್ಷ, ಹಿಂದಿನ ಹಬ್ಬಕ್ಕೆ ಆರು ಸಾವಿರ ಡಾಲರಿಗೂ ಮಿಕ್ಕಿ ಸುರಿದ ಲೆಕ್ಕ ಕಂಡು, ಅದರ ಅರ್ಧದಷ್ಟರಲ್ಲಿ ಹೆಂಡತಿಯೊಡನೆ ಹಡಗಿನ ಪ್ರವಾಸ ಬಯಸಿದವನು ಆತ. ಮಾಡಿನ ಮೇಲೆ ಹಿಮದ ಬೊಂಬೆ ನಿಲ್ಲಿಸಲೊಲ್ಲನೆಂದು ಬೀದಿಗೆ ಬೀದಿಯೇ ಅವನನ್ನು ಕಾಡಿತು. ಮಗಳು ಮರಳುವಳೆಂಬ ಸುದ್ದಿಗೆ ಅವನು ಹಬ್ಬಕ್ಕೆ ಶರಣಾದ ಬಳಿಕವಷ್ಟೇ ಅದೇ ಬೀದಿ ನೆರವಿಗೆ ಬಂತು. ಇದು ಒಲವಲ್ಲ, ಗೆದ್ದವರ ಔದಾರ್ಯ. (ರಸೀದಿ ಪುಸ್ತಕ ಹಿಡಿದು ಮನೆಮನೆ ಸುತ್ತುವ ಸಂಘದವರಾದ ನಮಗೂ ಈ ಮಾತು ಚುಚ್ಚದಿರದು.) ಕ್ಯಾನ್ಸರ್‌ಪೀಡಿತೆಯಾದ ಎದುರುಮನೆಯಾಕೆಗೂ ಅವಳ ಗಂಡನಿಗೂ ತನ್ನ ಪ್ರವಾಸವನ್ನೇ ಬಿಟ್ಟುಕೊಟ್ಟವನು ಈ ‘ಜಿಪುಣ’ನೇ, ಹಾಗೆ ಕೊಡೆಂದು ಯಾರೂ ಅವನ ಬಾಗಿಲು ತಟ್ಟಿರಲಿಲ್ಲ.