ಆಗುಂಬೆಯಲ್ಲಿ ನಾನು ಉಳಿಸಿದ ಐನೂರು ರೂಪಾಯಿ

ಗಾಂಧಿ ಬಜಾರಿಗೆ ನನ್ನ ಜತೆ ಬಂದವರಿಗೆಲ್ಲ ಗೊತ್ತು, ಅಂಗಡಿಯವರು ಹೇಳಿದ ರೇಟಿಗೆ ನಾನು ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ತಗೊಳಲ್ಲ. ಓರಗಿತ್ತಿ ಸೀರೆ ತಗೊಳಕ್ಕೆ ಹೊರಟ್ರೂ ನನ್ನ ಕರ್ಕೊಂಡೇ ಹೋಗದು. "ಅಕ್ಕ ಇದ್ರೆ ಇನ್ನೂರಾದ್ರೂ ಇಳಿಯತ್ತೆ" ಅಂತಾಳೆ. ಕೇಳಿದಾಗೆಲ್ಲ ನಂಗೆ ಒಳಗೊಳಗೇ ಖುಷಿ. ಈ ದಸರಾ ರಜೆ ತನಕ ಹಾಗೇ ಇತ್ತು.

ರಜೆಗೆ ಆಗುಂಬೆಗೆ ಹೋಗಿದ್ವಿ. ನಾನು, ಇವರು, ಪಿಯುಸಿ ಓದ್ತಿರೋ ಮಗ, ಎಂಟನೇ ಕ್ಲಾಸಿನ ಮಗಳು, ಮೈದುನ, ಓರಗಿತ್ತಿ, ಎಪ್ಪತ್ತು ದಾಟಿದ ಅತ್ತೆ. ಒಟ್ಟು ಏಳು ಜನ. ಅತ್ತೆಗೆ ಕಾಡು ಬೇಕಿರಲಿಲ್ಲ, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ದೊಡ್ಡಮನೆ ನೋಡ್ಬೇಕಿತ್ತು. ಮಕ್ಕಳಿಗೆ ಕಾಳಿಂಗ ಸರ್ಪ ಬೇಕಿತ್ತು. ನಂಗೆ ಎರಡು ದಿನ ಅಡುಗೆಮನೆ ಬಾಗಿಲು ಹಾಕಿದ್ರೆ ಸಾಕಿತ್ತು.

ಹೊರಡೋ ಮೊದಲೇ ಒಂದು ಚರ್ಚೆ ಆಗಿತ್ತು. ಉಳ್ಕೊಳೋ ಮನೆಯವರು ಫೋನಲ್ಲಿ, "ಕಾಡಿನ ಕಡೆ ಹೋಗೋದಾದ್ರೆ ನಮ್ಮೂರಿನ ಒಬ್ರನ್ನ ಜತೆಗೆ ಕಳಿಸ್ತೀವಿ, ಅನುಮತಿ ಎಲ್ಲ ಅವರೇ ನೋಡ್ಕೋತಾರೆ, ಅರ್ಧ ದಿನಕ್ಕೆ ಎರಡು ಸಾವಿರ" ಅಂದಿದ್ರು. ಮೈದುನ ನಕ್ಕುಬಿಟ್ಟ. "ನಾವೇನು ಬೆಂಗಳೂರಿನವರಾ? ಶಿವಮೊಗ್ಗದವರಿಗೆ ಶಿವಮೊಗ್ಗ ಜಿಲ್ಲೇಲಿ ಗೈಡ್ ಬೇಕಾ?" ನಂಗೂ ಹೌದಲ್ವಾ ಅನ್ನಿಸ್ತು. ಎರಡು ಸಾವಿರ ಅಂದ್ರೆ ಹದಿನೈದು ದಿನದ ತರಕಾರಿ. ಇವರು ಮಾತ್ರ ಯಾಕೋ ಆಗ್ಲಿ ಅಂದ್ರು, ಆಯ್ತು.

ಈಗ ಯೋಚನೆ ಮಾಡಿದ್ರೆ ಆ ಪ್ರಶ್ನೆಗೆ ನಗು ಬರತ್ತೆ. ಕೋಟೆ ರಸ್ತೇಲಿ ಹುಟ್ಟಿ ಬೆಳೆದೋರು ನಾವು. ಮಲೆನಾಡಿನವರು ಅಂತ ಹೇಳ್ಕೊಳದು ಮಾತ್ರ, ನಮಗೆ ಗೊತ್ತಿರೋ ಕಾಡು ಅಂದ್ರೆ ಸಕ್ರೆಬೈಲಿನ ಆನೆ ಬಿಡಾರ. ಮಳೆ ಜೋರಾಯ್ತಾ ಅಂತ ತಿಳ್ಕೊಳಕ್ಕೆ ನಾವು ನೋಡದು ತುಂಗೆಯಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ. ಮುಳುಗಿದ ದಿನ ಛತ್ರಿ ಹಿಡ್ಕೊಂಡು ಹೋಗಿ ಬಾಗಿನ ಬಿಟ್ಟು, ಫೋಟೋ ತೆಗ್ದು ಗ್ರೂಪಿಗೆ ಹಾಕ್ತೀವಿ. ಆ ನೀರು ಎಲ್ಲೆಲ್ಲಿಂದ ಹೇಗೆ ಇಳಿದು ಬಂತು ಅಂತ ಎಂದಾದ್ರೂ ಕೇಳಿದೀವಾ?

ಬಂದವರು ಐವತ್ತು ದಾಟಿದವರು. ಅಡಿಕೆ ತೋಟದ ಕೆಲಸ ಮಾಡ್ಕೊಂಡೇ ಇದನ್ನೂ ಮಾಡ್ತಾರೆ. ಕಾಲಿಗೆ ಗಮ್‌ಬೂಟು, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಹೊಗೆಸೊಪ್ಪು ನೆನೆಹಾಕಿದ ನೀರಿನ ಬಾಟಲಿ, ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಇವೆರಡೂ ಇಂಬಳಕ್ಕೆ. ಹೊರಡೋ ಮೊದಲು ನಮ್ಮೆಲ್ಲರ ಕಾಲ್ಚೀಲಕ್ಕೆ ಆ ನೀರು ಹಚ್ಚಿದ್ರು. ಓರಗಿತ್ತಿ ಮೂಗು ಮುಚ್ಕೊಂಡ್ಳು. ಆದ್ರೂ ಅವಳಿಗೇ ಮೊದಲು ಹತ್ತಿದ್ದು! ಕಿತ್ತು ಎಳೆಯಕ್ಕೆ ಹೋದವಳನ್ನ ತಡೆದು ಉಪ್ಪಿನ ಗಂಟು ಮುಟ್ಟಿಸಿದ್ರು, ತಾನಾಗೇ ಉದುರ್ತು. ಮಕ್ಕಳು ಹತ್ತು ನಿಮಿಷದಲ್ಲೇ ಅವರನ್ನ "ಮಾವ" ಅನ್ನಕ್ಕೆ ಶುರು ಮಾಡಿದ್ರು. ಅತ್ತೆ ತೋಟದ ಅಂಚಿನವರೆಗೆ ನಿಧಾನಕ್ಕೆ ನಡೆದು ಬಂದು ಅಲ್ಲೇ ಒಂದು ಕಲ್ಲಿನ ಮೇಲೆ ಕೂತ್ರು.

ಕೂತಿದ್ದು ಒಳ್ಳೇದೇ ಆಯ್ತು. ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ, ಬಿದಿರ ಮೆಳೆ ಬುಡದಲ್ಲಿ, ಹೋದ ಬೇಸಿಗೇಲಿ ಕಾಳಿಂಗ ಗೂಡು ಕಟ್ಟಿತ್ತಂತೆ. ಹಾವುಗಳಲ್ಲಿ ಗೂಡು ಕಟ್ಟೋದು ಇದೊಂದೇ. ಮೈಯಿಂದಲೇ ತರಗೆಲೆ ಬಳಿದು ರಾಶಿ ಮಾಡಿ, ಒಳಗೆ ಮೊಟ್ಟೆ ಇಟ್ಟು ಮೇಲೆ ಕಾವಲು ಇರತ್ತೆ. ಮಳೆಗಾಲದಲ್ಲಿ ಮರಿ ಹೊರಗೆ ಬರೋ ಮೊದಲು ಬಿಟ್ಟು ಹೋಗತ್ತೆ. "ಅಷ್ಟೂ ದಿನ ನಾವು ಈ ಕಡೆ ಕೊನೆ ತೆಗೆಯಕ್ಕೆ ಬಂದಿಲ್ಲ ಅಮ್ಮ. ಬಾಣಂತಿ ಮನೆ ಅಲ್ವಾ" ಅಂದ್ರು. ಈಗ ಅಲ್ಲಿದ್ದದ್ದು ಬರೀ ಕೊಳೆತ ಎಲೆ. ಅತ್ತೆ ಆ ಎಲೆರಾಶಿಗೇ ಕೈ ಮುಗಿದ್ರು. ಹಾವಿನ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲೇ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದ್ದು, 2024ರಲ್ಲಿ ವಿಜ್ಞಾನಿಗಳು ನಮ್ಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಅಂತ ತೀರ್ಮಾನಿಸಿ ಶಾಸ್ತ್ರೀಯ ಹೆಸರಿನಲ್ಲೇ 'ಕಾಳಿಂಗ' ಅಂತ ಸೇರಿಸಿದ್ದು, ಇದೆಲ್ಲ ನಂಗೆ ಮಗ ಹೇಳಿದ್ದು. ಅವನಿಗೆ ಮೊಬೈಲಲ್ಲಿ ಸಿಕ್ಕಿತ್ತು. ಯಾವ ಮೆಳೆ ಬುಡಕ್ಕೆ ಯಾವ ತಿಂಗಳು ಹೋಗಬಾರದು ಅನ್ನೋದು ಮಾತ್ರ ಮೊಬೈಲಲ್ಲಿ ಇರಲಿಲ್ಲ.

ಒಳಗೆ ಹೋಗ್ತಾ ಹೋಗ್ತಾ ನಾನೇ ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಕೇಳಕ್ಕೆ ಶುರು ಮಾಡ್ದೆ, ಯಾಕಂದ್ರೆ ಅರ್ಧ ಕಾಡು ನಮ್ಮ ಅಡುಗೆಮನೇದೇ ಆಗಿತ್ತು. ಉಪ್ಪಾಗೆ, ಮುರುಗಲು, ರಾಮಪತ್ರೆ, ಧೂಪದ ಮರ. ಹಳ್ಳದ ದಂಡೇಲಿ ಒಂದು ಅಪ್ಪೆ ಮರ. ನಾವು ಉಪ್ಪಿನಕಾಯಿಗೆ ಅಂತ ನೂರಕ್ಕೆ ಇಷ್ಟು ಅಂತ ಎಣಿಸಿ ತರ್ತೀವಲ್ಲ, ಆ ಅಪ್ಪೆಮಿಡಿ ಹುಟ್ಟೋದು ಹೀಗೆ ನೀರಿನ ಅಂಚಿನಲ್ಲೇ. "ಮೊದಲು ಮರ ಹತ್ತಿ ಮಿಡಿ ಕುಯ್ಯೋರು. ಈಗ ರೇಟು ಬಂತು ಅಂತ ಕೊಂಬೇನೇ ಕಡೀತಾರೆ. ಕಡಿದ ಕೊಂಬೇಲಿ ಮುಂದಿನ ವರ್ಷ ಮಿಡಿ ಎಲ್ಲಿಂದ ಬರ್ಬೇಕು?" ಅಂದ್ರು. ನಾನು ಚೌಕಾಶಿ ಮಾಡಿ ಕಡಿಮೆಗೆ ತಂದ ಮಿಡಿ ಎಲ್ಲ ಒಂದ್ಸಲ ಕಣ್ಣ ಮುಂದೆ ಬಂತು.

ಇನ್ನು ಮುಖ್ಯ ವಿಷಯ.

ಅಲ್ಲಿಂದ ಹಳ್ಳ ದಾಟಿದ್ರೆ ಕಾಲು ಗಂಟೆಯಲ್ಲಿ ಒಂದು ಸಣ್ಣ ಅಬ್ಬಿ ಸಿಗತ್ತೆ ಅಂತ ಹೇಳಿದ್ರು. ಮಕ್ಕಳು ಹೊರಟಿದ್ದೇ ಅದಕ್ಕೆ. ಹಳ್ಳದಲ್ಲಿ ಮೊಣಕಾಲವರೆಗೂ ನೀರಿಲ್ಲ, ತಳದ ಕಲ್ಲು ಕಾಣ್ತಿತ್ತು. ನಮ್ಮ ತಲೆ ಮೇಲೆ ಬಿಸಿಲಿತ್ತು. ಎಲ್ಲೋ ದೂರದಲ್ಲಿ ಎರಡು ಸಲ ಗುಡುಗು ಕೇಳಿಸ್ತು, ಅಷ್ಟೇ. ಮಗ ಬೂಟು ಬಿಚ್ಚಿ ಕೈಯಲ್ಲಿ ಹಿಡ್ಕೊಂಡಾಗಿತ್ತು. ಆ ಮಾವ "ತಡೀರಿ" ಅಂದ್ರು. ನೀರನ್ನೇ ನೋಡ್ತಾ ನಿಂತ್ರು. ಒಂದು ಕಡ್ಡಿ ಮುರಿದು ನೀರಿನ ಅಂಚಿಗೆ ಸರಿಯಾಗಿ ಊರಿದ್ರು. "ಹತ್ತು ನಿಮಿಷ ನೋಡಣ."

ಮೈದುನನಿಗೆ ತಾಳ್ಮೆ ಇಲ್ಲ. "ಇಷ್ಟು ನೀರಿಗೆ ಎಂತ ಮಾರಾಯ್ರೆ, ಐದು ಹೆಜ್ಜೆ!" ಅಂದ. ಇವರಿಗೂ ಮುಖ ಬಿಗೀತು. ನಾನೂ ಸುಮ್ಮನಿರಲಿಲ್ಲ, "ಮಕ್ಕಳು ಅಷ್ಟು ಆಸೆ ಪಟ್ಟಿದಾರೆ" ಅಂತ ರಾಗ ಎಳೆದೆ. ಅವರು ಯಾರಿಗೂ ಉತ್ತರ ಕೊಡ್ಲಿಲ್ಲ. ಮೇಲಿಂದ ಒಂದೆರಡು ಹಸಿ ಎಲೆ, ತರಗು ತೇಲಿ ಬಂತು. ಆಮೇಲೆ ನೊರೆ. ನೋಡ್ತಾ ನೋಡ್ತಾ ತಿಳಿ ಇದ್ದ ನೀರು ಬೆಲ್ಲ ಕರಗಿಸಿದ ಹಾಗಾಯ್ತು. ಕಡ್ಡಿ ಎಲ್ಲಿ ಅಂತ ಹುಡುಕ್ತೀನಿ, ಇಲ್ಲ. "ವಾಪಸ್ ಹೋಗಣ" ಅಂದ್ರು. ತಿರುಗಿ ಏರು ಹತ್ತಿ ಇಪ್ಪತ್ತು ಹೆಜ್ಜೆ ಬಂದಿರಬೇಕು, ಹಿಂದೆ ಶಬ್ದ ಬದಲಾಯ್ತು. ನಾವು ನಿಂತಿದ್ದ ಕಲ್ಲು ಕಾಣಲಿಲ್ಲ.

ಮೇಲೆ ಗುಡ್ಡದಲ್ಲಿ ಬಿದ್ದ ಮಳೆ ಅದು. ನಮ್ಮ ತಲೆ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಜಾಗ ಆಗುಂಬೆ. ಅಬ್ಬಿಗೆ ಹೋಗಿದ್ರೂ ಹೋಗಿಬಿಡ್ತಿದ್ವೇನೋ, ಬರಕ್ಕೆ ಆಗ್ತಿರಲಿಲ್ಲ. ಹೋಗ್ತಾ ನಡು ಹಳ್ಳದಲ್ಲಿ ಇದ್ದಿದ್ರೆ... ಅದನ್ನ ಬರೆಯಕ್ಕೆ ನಂಗೆ ಕೈ ಬರ್ತಿಲ್ಲ.

ಇಷ್ಟಾದ ಮೇಲೂ ನಾನು ಮಾಡಿದ್ದೇನು ಗೊತ್ತಾ? ಮನೆಗೆ ಬಂದು ಕಾಫಿ ಕುಡಿದು ಜೀವ ತಣ್ಣಗಾದ ಮೇಲೆ, ದುಡ್ಡು ಕೊಡೋ ಹೊತ್ತಿಗೆ, ಅಭ್ಯಾಸಬಲ ನೋಡಿ, ಬಾಯಿ ತಾನಾಗೇ ಮಾತಾಡ್ತು. "ಅಬ್ಬಿ ತೋರಿಸಲೇ ಇಲ್ವಲ್ಲ, ಅರ್ಧಕ್ಕೇ ಬಂದ್ವಿ. ಸಾವಿರದ ಐನೂರು ಮಾಡ್ಕೊಳಿ." ಅವರು ಒಂದು ಮಾತೂ ಆಡ್ಲಿಲ್ಲ. ಎಣಿಸದೇ ಜೇಬಿಗೆ ಹಾಕ್ಕೊಂಡು, ಮಗಳಿಗೆ "ಕಾಲು ಇನ್ನೊಂದ್ಸಲ ನೋಡ್ಕೋ ಪುಟ್ಟಿ, ಇಂಬಳ ಇದ್ದೀತು" ಅಂತ ಹೇಳಿ ಹೋದ್ರು.

ಮಾರನೇ ದಿನ ಕಾರಿನಲ್ಲಿ, ತೀರ್ಥಹಳ್ಳಿ ದಾಟೋ ತನಕ ಅತ್ತೆ ಮಾತಾಡಿರಲಿಲ್ಲ. ಆಮೇಲೆ ಹೇಳಿದ್ರು. "ಅವನು ನಿನ್ನ ಮಗನ್ನ ವಾಪಸ್ ಕರ್ಕೊಂಡು ಬಂದ. ನೀನು ಐನೂರು ಮುರ್ಕೊಂಡೆ." ಬೈಯ್ಯೋ ಧ್ವನಿ ಇರಲಿಲ್ಲ, ಲೆಕ್ಕ ಹೇಳೋ ಹಾಗಿತ್ತು. ಪಕ್ಕದಲ್ಲಿ ತುಂಗೆ ಕೆಂಪಗೆ ಹರೀತಿತ್ತು. ಆ ಗುಡ್ಡಗಳ ನೀರು ಒಂದು ಪಾಲು ಸೀತಾ ನದಿ ಸೇರಿ ಸಮುದ್ರಕ್ಕೆ ಹೋದ್ರೆ, ಇನ್ನೊಂದು ಪಾಲು ಹೀಗೆ ತುಂಗೆ ಸೇರಿ ನಮ್ಮನೆ ಹಿಂದಕ್ಕೇ ಬರತ್ತೆ.

ಅದಕ್ಕೇ ಇದನ್ನ ಬರೀತಿರೋದು. ನಾವು ಹೆಂಗಸರು ಪ್ರವಾಸದ ದುಡ್ಡಿನ ಚೀಲ ಹಿಡಿಯೋರು. ಎಲ್ಲಿ ಕತ್ತರಿಸ್ಬೇಕು, ಎಲ್ಲಿ ಬಿಡ್ಬೇಕು ಅಂತ ತೀರ್ಮಾನ ಮಾಡೋದು ನಾವೇ. ಹೋಟೆಲಿನ ಪಾರ್ಕಿಂಗಿಗೆ, ಕುರುಕಲು ತಿಂಡಿಗೆ ಸುಮ್ನೆ ಕೊಡ್ತೀವಿ, ಜತೆ ನಡೆದು ಬಂದ ಮನುಷ್ಯನ ಹತ್ರ ಮಾತ್ರ ಕತ್ತರಿ ತೆಗೀತೀವಿ. ಬದನೆಕಾಯಿ ಚೌಕಾಶಿಗೂ ಇದಕ್ಕೂ ವ್ಯತ್ಯಾಸ ಇದೆ ಕಣ್ರೇ. ಬದನೆಕಾಯಿ ಹುಳುಕಿದ್ರೆ ಬಿಸಾಕಬಹುದು. ನಾವು ಕೊಡೋದು ಅಬ್ಬಿ ತೋರಿಸಿದ್ದಕ್ಕೆ ಅಂತ ತಿಳ್ಕೊಂಡಿದ್ದೇ ನನ್ನ ತಪ್ಪು. ತಿರುಗಿಸಿಕೊಂಡು ಬಂದ ದಿನವೇ ಅವರ ಕೆಲಸ ಪೂರ್ತಿ ಆಗಿದ್ದು. ಅಂಥ ದಿನ ದುಡ್ಡು ಕಡಿಮೆ ಮಾಡ್ತಾ ಹೋದ್ರೆ ಏನಾಗತ್ತೆ? ಮುಂದಿನ ಸಲ ಯಾರೋ ಜೋರು ಮಾಡಿದಾಗ "ಹಾಳಾಗ್ಲಿ, ದಾಟಿಸೇ ಬಿಡ್ತೀನಿ, ಮನೇಲಿ ನಂಗೂ ಖರ್ಚಿದೆ" ಅಂತ ಅವರಿಗೆ ಅನ್ನಿಸಲ್ವಾ? 2023ರ ಜುಲೈನಲ್ಲಿ ಕೊಲ್ಲೂರಿನ ಹತ್ರ ಅರಶಿನಗುಂಡಿ ಜಲಪಾತದಲ್ಲಿ ನಮ್ಮ ಜಿಲ್ಲೆಯ ಒಬ್ಬ ಹುಡುಗ ಬಂಡೆ ಮೇಲಿಂದ ಜಾರಿಹೋದ ವಿಡಿಯೋ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತಲ್ಲ. ಆ ತಾಯಿ ಅದನ್ನ ಎಷ್ಟು ಸಲ ನೋಡಿರಬಹುದು ಅಂತ ನಾನು ಆಗ ಯೋಚಿಸಿದ್ದೆ. ಯೋಚಿಸಿಯೂ ಮೂರೇ ತಿಂಗಳಿಗೆ ಮರೆತೆ.

ಗೈಡ್ ಅಂದವರೆಲ್ಲ ಹೀಗೇ ಇರ್ತಾರೆ ಅಂತಲ್ಲ. ನೀವು ಹೇಳಿದ ಕಡೆಗೆಲ್ಲ ಕರ್ಕೊಂಡು ಹೋಗೋರೂ ಇದಾರೆ, ಪಾಚಿ ಬಂಡೆ ಮೇಲೆ ನಿಲ್ಲಿಸಿ ಫೋಟೋ ತೆಗೆದು ಕೊಡೋರೂ ಇದಾರೆ. ಹಾಗಾಗಿ ಫೋನ್ ಮಾಡಿದಾಗ ಏನೇನು ತೋರಿಸ್ತೀರಿ ಅಂತ ಕೇಳಬೇಡಿ, ಎಲ್ಲಿಗೆ ಕರ್ಕೊಂಡು ಹೋಗಲ್ಲ ಅಂತ ಕೇಳಿ. ಎಲ್ಲಿಗಾದ್ರೂ ಸೈ ಅಂದ್ರೆ ಬೇರೆಯವರನ್ನ ನೋಡಿ. ನಮ್ಮ ಈ ಮಾವನಿಗೆ ಭದ್ರಾವತಿಯ ನಾದಿನಿ ಮೊನ್ನೆ ಫೋನ್ ಮಾಡಿ ಜನವರೀಲಿ ಬರ್ತೀವಿ ಅಂದ್ಳಂತೆ. ಕಾಡಿನೊಳಗೆ ಬೇಡ, ಊರು ನೋಡ್ಕೊಂಡು ಹೋಗಿ ಅಂದ್ರಂತೆ. ಮಂಗನ ಕಾಯಿಲೆ ದಿನಗಳು. ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ರೋಗ ಅದು. 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಏನಾಯ್ತು ಅಂತ ನಿಮಗೆಲ್ಲ ನೆನಪಿರತ್ತೆ. ಮಳೆ ನಿಂತ ಮೇಲೆ ತರಗೆಲೆಯಲ್ಲಿ ಉಣುಗು ಹೆಚ್ಚಾಗತ್ತೆ, ಅದು ಕಚ್ಚಿದ್ರೆ ಬರೋದು. ತರಗೆಲೆ ಮೇಲೆ ಕೂರಬಾರದು, ಮೈ ತುಂಬ ಬಟ್ಟೆ ಹಾಕಬೇಕು, ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ ಹಾಕಿದ ಬಟ್ಟೆ ಬಿಸಿನೀರಿಗೆ ಹಾಕಬೇಕು, ಮಂಗ ಸತ್ತದ್ದು ಕಂಡ್ರೆ ಹತ್ರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು ಅಂತೆಲ್ಲ ಅವಳಿಗೆ ಫೋನಲ್ಲೇ ಹೇಳಿದಾರೆ. ಬರೋ ಗಿರಾಕಿಯನ್ನ ಬೇಡ ಅಂದು, ಪುಕ್ಕಟೆ ಪಾಠ ಬೇರೆ!

ಇನ್ನೊಂದು ಬಾಕಿ ಇದೆ. ಮನೆಗೆ ಬಂದ ರಾತ್ರಿ ಮಗನ ಹತ್ರ ಹೇಳಿ ಅವರಿಗೆ ಫೋನ್‌ಪೇಯಲ್ಲಿ ಸಾವಿರ ಹಾಕಿಸಿದೆ, ಮುರ್ಕೊಂಡ ಐನೂರು, ಮೇಲೆ ಐನೂರು. ಬೆಳಿಗ್ಗೆ ಆರೂವರೆಗೆ ಫೋನು. "ಅಮ್ಮ, ನಿಮ್ಮ ದುಡ್ಡು ತಪ್ಪಿ ನಂಗೆ ಬಂದದೆ. ವಾಪಸ್ ಹೇಗೆ ಹಾಕದು ಅಂತ ಹುಡುಗನ್ನ ಕೇಳಿ ಹೇಳ್ತೀರಾ?" ಒಲೆ ಮೇಲೆ ಹಾಲು ಉಕ್ಕೋದ್ರಲ್ಲಿತ್ತು. ತಪ್ಪಿ ಬಂದಿದ್ದಲ್ಲ, ಕೊಡ್ಬೇಕಿದ್ದದ್ದು ಅಂತ ಅಷ್ಟು ಹೇಳಕ್ಕೆ ನಂಗೆ ಗಂಟಲು ಕಟ್ಟಿತು. ಅವರಿಗೆ ಅರ್ಥ ಆಯ್ತೋ ಇಲ್ವೋ, "ಆಯ್ತು ಬಿಡಿ, ಅಬ್ಬಿ ಇನ್ನೊಂದ್ಸಲ ನೋಡಣ, ಅಜ್ಜಿನೂ ಕರ್ಕೊಂಡ್ಬನ್ನಿ" ಅಂದ್ರು.

ಮೈದುನ ಇದನ್ನ ಓದ್ತಾನೆ, ಅವನಿಗೆ ಮೊದಲೇ ಹೇಳಿದೀನಿ. ಅವರ ನಂಬರ್ ಬೇಕಾದವರು ನನ್ನನ್ನ ಕೇಳಿ, ಕೊಡ್ತೀನಿ. ರೇಟು ಮಾತ್ರ ಅವರು ಹೇಳಿದ್ದೇ.