ಮತ ಹಾಕದವನ ಸಿಟ್ಟಿನಿಂದ ಯಾರಿಗೆ ಲಾಭ?

ಲೋಕಸಭೆ ಚುನಾವಣೆ ಹತ್ತಿರ ಬಂತೆಂದರೆ ಸಾಕು, ಕಾಲೇಜು ಗೇಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ದರ್ಶಿನಿ ಮುಂದೆ ಬೈಟು ಕಾಫಿ ಕುಡಿಯುವ ಗುಂಪಿನಲ್ಲಿ ಒಂದೇ ಮಾತು: "ಯಾರು ಬಂದ್ರೂ ಅಷ್ಟೇ ಗುರು. ಇವತ್ತು ಬೈದಾಡಿಕೊಂಡವರು ನಾಳೆ ಒಂದೇ ತಟ್ಟೇಲಿ ಉಣ್ತಾರೆ. ನಾನ್ಯಾಕೆ ಬಿಸಿಲಲ್ಲಿ ಕ್ಯೂ ನಿಲ್ಲಲಿ?"

ಗೆಳೆಯರೇ, ಈ ಮಾತನ್ನು ಸುಳ್ಳು ಎನ್ನುವುದಕ್ಕೆ ಆಗುವುದಿಲ್ಲ. 2004ರಲ್ಲಿ ಕಾಂಗ್ರೆಸ್ಸೂ ಜೆಡಿಎಸ್ಸೂ ಕೂಡಿ ಸರ್ಕಾರ ಮಾಡಿದವು. 2006ರಲ್ಲಿ ಜೆಡಿಎಸ್ಸೂ ಬಿಜೆಪಿಯೂ ನಿಮಗೆ ಇಪ್ಪತ್ತು ತಿಂಗಳು, ನಮಗೆ ಇಪ್ಪತ್ತು ತಿಂಗಳು ಎಂದು ರಾಜ್ಯವನ್ನೇ ಪಾಲು ಹಾಕಿಕೊಂಡವು. 2007ರಲ್ಲಿ ಪಾಲು ಕೊಡುವ ಹೊತ್ತಿಗೆ ಜಗಳವಾಗಿ ಎಲ್ಲಾ ಮುರಿಯಿತು. 2018ರಲ್ಲಿ ಮತ್ತೆ ಕಾಂಗ್ರೆಸ್ಸು, ಜೆಡಿಎಸ್ಸು. 2019ರ ಲೋಕಸಭೆಗೂ ಅದೇ ಜೋಡಿ. 2024ರ ಲೋಕಸಭೆಗೆ ಜೆಡಿಎಸ್ಸು, ಬಿಜೆಪಿ. ಇದರಲ್ಲಿ ಒಂದೇ ಪಕ್ಷವನ್ನು ದೂರಿ ಪ್ರಯೋಜನವಿಲ್ಲ. ಮದುವೆಗೆ ಎರಡು ಕಡೆಯವರೂ ಒಪ್ಪಲೇಬೇಕಲ್ಲ!

ಸಿಟ್ಟು ಬರುವುದು ನ್ಯಾಯವೇ. ಆದರೆ ಆ ಸಿಟ್ಟನ್ನು ನೀವು ತೀರಿಸಿಕೊಳ್ಳುತ್ತಿರುವುದು ಯಾರ ಮೇಲೆ?

2024ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ನೂರಕ್ಕೆ ಸುಮಾರು 53 ಜನ ಮಾತ್ರ ಮತ ಹಾಕಿದರು. ಮಂಡ್ಯದಲ್ಲಿ 81ಕ್ಕೂ ಹೆಚ್ಚು. ಪೇಟೆಯವರು ಹಳ್ಳಿಗನನ್ನು "ದುಡ್ಡಿಗೆ ಓಟು ಹಾಕ್ತಾನೆ" ಎಂದು ಹೀಯಾಳಿಸುತ್ತಾರೆ. ಆ ಹಳ್ಳಿಗನಾದರೂ ಸಾಲಿನಲ್ಲಿ ನಿಂತ. ಓದು ಬರಹ ಬಲ್ಲ ಪೇಟೆಯವನು ಮನೆಯಲ್ಲಿ ಮಲಗಿದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ನೀವು ಮನೆಯಲ್ಲಿ ಉಳಿದಿರಿ ಎಂದು ಯಾವ ಅಭ್ಯರ್ಥಿಯೂ ನಿದ್ದೆಗೆಡುವುದಿಲ್ಲ. ಬಾರದವರು ಹೆಚ್ಚಾದಷ್ಟೂ ಅವನು ಓಲೈಸಬೇಕಾದ ಜನ ಕಡಿಮೆ.

ಒಂದು ಓಟಿನಿಂದ ಏನಾಗುತ್ತದೆ ಅನ್ನುತ್ತೀರಾ? 2004ರಲ್ಲಿ ಸಂತೆಮರಹಳ್ಳಿಯಲ್ಲಿ ಶಾಸಕನಾದವನು ಗೆದ್ದದ್ದು ಒಂದೇ ಓಟಿನಿಂದ. 2023ರಲ್ಲಿ ನಮ್ಮ ಜಯನಗರದ ಫಲಿತಾಂಶ ತೀರ್ಮಾನವಾದದ್ದು 16 ಓಟಿನಲ್ಲಿ. 1999ರ ಏಪ್ರಿಲ್ 17ರಂದು ದಿಲ್ಲಿಯಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು 269ಕ್ಕೆ 270, ಒಂದೇ ಓಟು.

ಇನ್ನೊಂದು ಲೆಕ್ಕವನ್ನೂ ನೋಡಿ. 2019ರ ಜುಲೈನಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಬಿತ್ತು. 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ ಎಂದು ಸುಪ್ರೀಂ ಕೋರ್ಟೂ ಹೇಳಿತು, ಆದರೆ ಮತ್ತೆ ನಿಲ್ಲಲು ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ 13 ಜನ ಹೊಸ ಪಕ್ಷದ ಚಿಹ್ನೆಯ ಮೇಲೆ ನಿಂತರು. 11 ಜನ ಗೆದ್ದು ಬಂದರು. ಪಕ್ಷಾಂತರ ಪಾಪ ಎಂದು ಬೈದದ್ದೂ ಮತದಾರರೇ, ಹಾರ ಹಾಕಿ ಕಳಿಸಿದ್ದೂ ಮತದಾರರೇ. ಜನ ಬೈಯುತ್ತಾರೆ, ಆಮೇಲೆ ಮರೆಯುತ್ತಾರೆ ಎಂಬ ಧೈರ್ಯ ರಾಜಕಾರಣಿಗೆ ಬರುವುದು ಇಂಥ ಕಡೆಯಿಂದಲೇ.

ಹಾಗಾದರೆ ಸಮ್ಮಿಶ್ರ ಸರ್ಕಾರವೇ ತಪ್ಪೇ? ಅಲ್ಲ. 1996ರಲ್ಲಿ ಜನತಾದಳ ಕರ್ನಾಟಕದಲ್ಲಿ ಗೆದ್ದದ್ದು 28ರಲ್ಲಿ 16. ಸಂಯುಕ್ತ ರಂಗ ಇಲ್ಲದಿದ್ದರೆ ಆ 16 ಸ್ಥಾನ ಇಟ್ಟುಕೊಂಡು ದೇವೇಗೌಡರು ಪ್ರಧಾನಿ ಆಗುತ್ತಿದ್ದರೇ? 2004ರಲ್ಲಿ ತಮಿಳುನಾಡಿನ ಡಿಎಂಕೆ ಗೆದ್ದದ್ದೂ 16 ಸ್ಥಾನವೇ. ಯುಪಿಎ ಸರ್ಕಾರದ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲಿ ತಮಿಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಎಂಬ ಮಾತು ಅಚ್ಚಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಥಾನ ಸಿಕ್ಕಿತು. ಕನ್ನಡ ಅದಕ್ಕಾಗಿ 2008ರ ಅಕ್ಟೋಬರ್ 31ರವರೆಗೆ ಕಾಯಬೇಕಾಯಿತು. ಅವರೂ ಮೈತ್ರಿ ಮಾಡಿಕೊಂಡರು, ನಮ್ಮವರೂ ಮಾಡಿಕೊಂಡರು. ಅವರು ಬೇಕಾದ್ದನ್ನು ಕಾಗದಕ್ಕೆ ಇಳಿಸಿದರು. ನಮ್ಮವರು ಖಾತೆ ಹಂಚಿಕೊಂಡರು.

ವ್ಯತ್ಯಾಸ ಇರುವುದು ಆ ಕಾಗದದಲ್ಲಿ. ನಾನು ಪ್ರೆಸ್ ನಡೆಸುವವನು, ಕಾಗದದ ಬೆಲೆ ಬಲ್ಲೆ. ಚುನಾವಣೆ ಕರಪತ್ರ ಅಚ್ಚು ಹಾಕಿದರೆ ಅದರಲ್ಲಿ ಮುದ್ರಕನ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸಿದವನಿಂದ ಸಹಿ ಮಾಡಿದ ಘೋಷಣೆ ಪಡೆಯಬೇಕು. ತಪ್ಪಿದರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಚ್ಚು ಹಾಕಿದವನಿಗೆ ಜೈಲಿನ ಭಯವಿದೆ. ಅದರೊಳಗೆ ಭರವಸೆ ಬರೆಸಿದವನು ಅದನ್ನು ಈಡೇರಿಸದಿದ್ದರೆ ಯಾವ ಕಲಮೂ ಇಲ್ಲ! ಅವನಿಗೆ ಇರುವ ಒಂದೇ ಕಲಂ ನೀವು. ಮುಂದಿನ ಚುನಾವಣೆಯಲ್ಲಿ ಅದೇ ಕರಪತ್ರ ಹಿಡಿದು ಎದುರು ನಿಲ್ಲುವ ನೀವು.

ನೋಟಾ ಒತ್ತಿ ಬರುತ್ತೇನೆ ಅನ್ನುವವರೂ ಇದ್ದಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ಹಕ್ಕು ಅದು. ಮನೆಯಲ್ಲಿ ಕೂರುವುದಕ್ಕಿಂತ ಮೇಲು. ಆದರೆ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ಲೋಕಸಭೆಗೆ ಹೋಗುವವನು ಅಭ್ಯರ್ಥಿಗಳಲ್ಲಿ ಮುಂದಿರುವವನೇ. ಅದು ಮುಖಕ್ಕೆ ಹೊಡೆದಂತೆ ಆಗಬಹುದು, ಕುರ್ಚಿ ಅಲುಗುವುದಿಲ್ಲ.

ದಿಲ್ಲಿಗೆ ಯಾರು ಹೋದರೇನು ಅನ್ನಬೇಡಿ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇತ್ತು. 2021ರಿಂದ 2026ರ ಅವಧಿಗೆ 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಆಗ ಗಟ್ಟಿಯಾಗಿ ಕೇಳಬೇಕಾದವರು ಯಾರು? ಗ್ರಾಮೀಣ ಬ್ಯಾಂಕ್ ನೇಮಕಾತಿ ಪರೀಕ್ಷೆ ಕನ್ನಡದಲ್ಲೂ ನಡೆಯಲಿ ಎಂದು ನಮ್ಮ ಸಂಸದರು ಬಾಯಿ ಬಿಟ್ಟು ಕೇಳಿದಾಗ, 2019ರ ಜುಲೈನಲ್ಲಿ 13 ಪ್ರಾದೇಶಿಕ ಭಾಷೆಗಳಲ್ಲಿ ಪರೀಕ್ಷೆ ಎಂದು ಹಣಕಾಸು ಮಂತ್ರಿ ಸಂಸತ್ತಿನಲ್ಲೇ ಹೇಳಿದರು. ಬಾಯಿ ಬಿಟ್ಟರೆ ಕೆಲಸ ಆಗುತ್ತದೆ. ಬಾಯಿ ಬಿಡುವವನನ್ನು ಕಳಿಸಬೇಕು, ಅಷ್ಟೇ.

ಹಾಗಾದರೆ ಮಾಡುವುದೇನು? ಮೊದಲು ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಹದಿನೆಂಟು ತುಂಬಿದ್ದರೆ ನಮೂನೆ 6, ಮನೆ ಬದಲಾಗಿದ್ದರೆ ನಮೂನೆ 8. ಊರು ಬಿಟ್ಟು ಬಂದು ಬೆಂಗಳೂರಿನ ರೂಮುಗಳಲ್ಲಿ ಇರುವ ಹುಡುಗರೇ, ಈ ಮಾತು ನಿಮಗೇ. ಮತದಾನದ ದಿನ ಹೆಸರು ಹುಡುಕಿದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಆಮೇಲೆ ಅಭ್ಯರ್ಥಿಯ ಪ್ರಮಾಣಪತ್ರ ಓದಿ. ಆಸ್ತಿ, ಸಾಲ, ಮೊಕದ್ದಮೆ ಎಲ್ಲಾ ಅದರಲ್ಲಿ ಇರುತ್ತದೆ. ಮತ ಕೇಳಲು ಬಂದಾಗ ಹತ್ತು ಜನ ಸೇರಿ ಕೇಳಿ: ನಾಳೆ ಯಾರ ಜೊತೆ ಸೇರುತ್ತೀರಿ? ಸೇರಿದರೆ ಕರ್ನಾಟಕಕ್ಕೆ ಏನು ಬರೆಸಿಕೊಳ್ಳುತ್ತೀರಿ? ಪಕ್ಷ ಬಿಡುವುದಾದರೆ ನಮ್ಮನ್ನು ಕೇಳಿ ಬಿಡುತ್ತೀರಾ? ಕೊಟ್ಟ ಕರಪತ್ರವನ್ನು ಬಿಸಾಡಬೇಡಿ. ದಿನಾಂಕ ಬರೆದು ಎತ್ತಿಡಿ.

ಎಲ್ಲರೂ ಕಳ್ಳರು ಎಂದು ಬೀಗ ಹಾಕದೆ ಮಲಗುವ ಮನೆಯವನನ್ನು ಕಂಡಿದ್ದೀರಾ? ಕಳ್ಳರು ಹೆಚ್ಚಾದ ಊರಿನಲ್ಲಿ ಜನ ಎಚ್ಚರವಾಗಿ ಇರುತ್ತಾರೆ. ಎಚ್ಚರವಾಗಿರಿ. ಎದ್ದು ಬಂದು ಮತ ಹಾಕಿ.